ಸೊನ್ನೆ ರೂಪಾಯಿಯ ಚೆಂಡು

ಹತ್ತನೇ ತರಗತಿಯ ಗಣಿತ ಪಠ್ಯದಲ್ಲಿ ಒಬ್ಬ ಕ್ರಿಕೆಟ್ ಕೋಚ್ ಬರುತ್ತಾರೆ. ಎನ್‌ಸಿಇಆರ್‌ಟಿ ಸಿದ್ಧಪಡಿಸಿ ನಮ್ಮ ರಾಜ್ಯವೂ ಒಪ್ಪಿಕೊಂಡಿರುವ ಪುಸ್ತಕ ಅದು. ಎರಡು ಚರಾಕ್ಷರಗಳ ಸಮೀಕರಣದ ಪಾಠದಲ್ಲಿ ಈ ಕೋಚ್ 7 ಬ್ಯಾಟು, 6 ಚೆಂಡು ಕೊಂಡು 3,800 ರೂಪಾಯಿ ಕೊಡುತ್ತಾರೆ. ಇನ್ನೊಮ್ಮೆ 3 ಬ್ಯಾಟು, 5 ಚೆಂಡಿಗೆ 1,750 ರೂಪಾಯಿ. ಒಂದೊಂದರ ಬೆಲೆ ಎಷ್ಟು ಎಂಬುದು ಪ್ರಶ್ನೆ. ಬಿಡಿಸಿದರೆ ಬ್ಯಾಟಿಗೆ 500, ಚೆಂಡಿಗೆ 50. ಎಲ್ಲೂ ಭಿನ್ನರಾಶಿ ಬಾರದ ಚೊಕ್ಕ ಉತ್ತರ.

ಲೆಕ್ಕವಾಗಿ ಇದರಲ್ಲಿ ದೋಷವಿಲ್ಲ. ಆದರೆ ಒಂದು ದಿನವಾದರೂ ತಂಡದ ಕಿಟ್ ಬ್ಯಾಗು ಹೊತ್ತವರಿಗೆ ಇದನ್ನು ಓದಿದರೆ ನಗು ಬರುತ್ತದೆ. ಎರಡೂ ಸಲ ಸೇರಿ 10 ಬ್ಯಾಟು, 11 ಚೆಂಡು! ಬ್ಯಾಟು ಎಣ್ಣೆ ಹಚ್ಚಿ ಜೋಪಾನ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ, ಚೆಂಡು ವಾರಗಳಲ್ಲಿ ಮುಗಿಯುತ್ತದೆ. ಬ್ಯಾಟಿನಷ್ಟೇ ಚೆಂಡು ಕೊಳ್ಳುವ ಕೋಚ್ ಯಾವ ಊರಿನವರೋ ಗೊತ್ತಿಲ್ಲ. ಅಂಗಡಿಯ ರಸೀದಿಯಲ್ಲಿ ಪ್ರತಿ ವಸ್ತುವಿನ ಮುಂದೆ ದರ ಬರೆದೇ ಇರುವುದರಿಂದ ಸಮೀಕರಣ ಬಿಡಿಸಿ ಬೆಲೆ ಕಂಡುಹಿಡಿಯುವ ಗತಿ ಯಾವ ಕೋಚಿಗೂ ಬಂದಿಲ್ಲ ಎಂಬುದು ಬೇರೆ ಮಾತು.

ಅದೇ ಪಾಠದ ಹಿಂದಿನ ಮುದ್ರಣಗಳಲ್ಲಿ ಕೋಚಿನ ಇನ್ನೊಂದು ಖರೀದಿಯೂ ಇತ್ತು. 3 ಬ್ಯಾಟು, 6 ಚೆಂಡಿಗೆ 3,900 ರೂಪಾಯಿ. ಆಮೇಲೆ ಮತ್ತೊಂದು ಬ್ಯಾಟು, ಅದೇ ಬಗೆಯ ಮತ್ತೆ 3 ಚೆಂಡಿಗೆ 1,300 ರೂಪಾಯಿ. ಎರಡನೆಯ ಖರೀದಿಯನ್ನು ಮೂರರಿಂದ ಗುಣಿಸಿ ನೋಡಿ. 3 ಬ್ಯಾಟು, 9 ಚೆಂಡಿಗೆ 3,900 ಎಂದಾಗುತ್ತದೆ. ಮೂರು ಚೆಂಡು ಹೆಚ್ಚಾದರೂ ದುಡ್ಡು ಹೆಚ್ಚಲಿಲ್ಲ. ಅಲ್ಲಿಗೆ ಬ್ಯಾಟಿಗೆ 1,300, ಚೆಂಡಿಗೆ ಸೊನ್ನೆ. ಅದಕ್ಕೂ ಹಳೆಯ ಮುದ್ರಣದಲ್ಲಿ 3ರ ಜಾಗದಲ್ಲಿ 2 ಚೆಂಡು ಇದ್ದವು. ಆಗ ಎರಡು ಸಮೀಕರಣಗಳೂ ಒಂದೇ ಆಗಿ, ಬೆಲೆ ಇಷ್ಟೇ ಎಂದು ಹೇಳಲಿಕ್ಕೇ ಬರುತ್ತಿರಲಿಲ್ಲ. ನಕ್ಷೆ ಎಳೆಯುವ ಅಭ್ಯಾಸಕ್ಕೆಂದು ಕೊಟ್ಟ ಪ್ರಶ್ನೆ ಅದು. ಬೆಲೆ ಕೇಳಿರಲಿಲ್ಲ ಎಂದು ಸಮರ್ಥಿಸಬಹುದು. ಆದರೂ ಪುಕ್ಕಟೆ ಸಿಗುವ ಚೆಂಡು ಪಠ್ಯದಲ್ಲಿ ಕೂತಿತ್ತು ಎಂಬುದು ನನಗೆ ಬರೀ ಅಚ್ಚಿನ ತಪ್ಪಾಗಿ ಕಾಣುವುದಿಲ್ಲ. ಆಟದ ಸಾಮಾನನ್ನು ನಾವು ಯೋಚಿಸುವ ರೀತಿಯೇ ಹಾಗಿದೆ. ಸಾಮಾನಿಗೆ ಬೆಲೆ ಉಂಟು, ಸಂಖ್ಯೆ ಉಂಟು, ಆಯುಸ್ಸು ಇಲ್ಲ. ಪಠ್ಯಪುಸ್ತಕದ ಲೆಕ್ಕಕ್ಕೂ ಶಾಲೆಯ ಸ್ಟಾಕ್ ಬುಕ್ಕಿನ ಲೆಕ್ಕಕ್ಕೂ ನನ್ನ ತಕರಾರು ಇದೊಂದೇ.

ಆಟಗಳ ನಿಯಮ ಬರೆದವರು ಈ ವಿಷಯದಲ್ಲಿ ನಮಗಿಂತ ಜಾಣರು. ಟೆಸ್ಟ್ ಪಂದ್ಯದಲ್ಲಿ 80 ಓವರ್ ಮುಗಿದರೆ ಹೊಸ ಚೆಂಡು ಕೇಳಬಹುದು. 480 ಎಸೆತ ತಿಂದ ಚೆಂಡು ತನ್ನ ಕೆಲಸ ಮುಗಿಸಿದೆ ಎಂದು ನಿಯಮವೇ ಒಪ್ಪಿಕೊಂಡಂತೆ. ಒಂದು ದಿನದ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ 2011ರ ಅಕ್ಟೋಬರಿನಿಂದ ಎರಡು ತುದಿಗೆ ಎರಡು ಹೊಸ ಚೆಂಡು ಬಂದವು. ಒಂದೊಂದಕ್ಕೆ 25 ಓವರ್ ಮಾತ್ರ. ಚೆಂಡು ಹಳತಾಗುವುದೇ ಇಲ್ಲ, ರಿವರ್ಸ್ ಸ್ವಿಂಗ್ ಸತ್ತುಹೋಯಿತು ಎಂದು ಬೌಲರುಗಳು ಗೊಣಗುತ್ತಲೇ ಇದ್ದರು. 2025ರಲ್ಲಿ 34 ಓವರಿನ ನಂತರ ಆ ಎರಡರಲ್ಲಿ ಒಂದನ್ನೇ ಉಳಿಸಿಕೊಂಡು ಆಡುವ ನಿಯಮ ತಂದರು. ಆಯ್ದ ಚೆಂಡು ಕೊನೆಗೆ ಎಷ್ಟು ಓವರ್ ಕಂಡಿರುತ್ತದೆ? 34ರ ಅರ್ಧ 17, ಮುಂದಿನ 16 ಸೇರಿ 33. 25 ಇದ್ದದ್ದು 33 ಆಯಿತು. ಆಟದ ಸ್ವರೂಪವನ್ನೇ ಬದಲಿಸುವ ಈ ನಿರ್ಧಾರದ ಹಿಂದೆ ನಾಲ್ಕನೇ ತರಗತಿಯ ಕೂಡು–ಭಾಗಿಸು ಬಿಟ್ಟರೆ ಬೇರೆ ಗಣಿತವಿಲ್ಲ.

ಇದೇ ಲೆಕ್ಕವನ್ನು ಶಾಲೆಯ ನೆಟ್ಸಿಗೆ ತನ್ನಿ. ಹನ್ನೆರಡು ಹುಡುಗರು, ಸಂಜೆಗೆ ಒಬ್ಬೊಬ್ಬರಿಗೆ 30 ಎಸೆತ ಎಂದು ಹಿಡಿಯೋಣ. ಒಟ್ಟು 360. ಆರು ಚೆಂಡು ಸರದಿಯಲ್ಲಿ ತಿರುಗಿದರೆ ಒಂದೊಂದಕ್ಕೆ 60 ಎಸೆತ. 480ರ ಅಳತೆ ಇಟ್ಟುಕೊಂಡರೆ ಎಂಟು ಸಂಜೆಗೆ ಆರೂ ಚೆಂಡು ಮುಗಿದವು. ತಿಂಗಳಿಗೆ 24 ಸಂಜೆ ಅಭ್ಯಾಸವಿದ್ದರೆ 18 ಚೆಂಡು. ಸರ್ಕಾರಿ ಶಾಲೆಯವರು 80 ಓವರಿಗೆ ಚೆಂಡು ಬಿಸಾಡುವಷ್ಟು ಶ್ರೀಮಂತರಲ್ಲ, ನಿಜ. ಇಮ್ಮಡಿ ಆಡಿಸಲಿ, ಆಗಲೂ ತಿಂಗಳಿಗೆ 9. ಅಷ್ಟರಲ್ಲಿ ಒಂದು ಬ್ಯಾಟಿನ ಹಿಡಿಯ ರಬ್ಬರ್ ಬದಲಿಸಬೇಕಾಗಬಹುದು, ಅಷ್ಟೇ. ಕೋಚ್‌ಗೆ ಬೇಕಾದ ಗಣಿತ ಇದು: ವಾರಕ್ಕೆ ಎಷ್ಟು ಸವೆಯುತ್ತದೆ, ಇರುವುದು ಎಷ್ಟು ದಿನಕ್ಕೆ ಬರುತ್ತದೆ. ಚೆಂಡಿನ ಬೆಲೆ ಅಂಗಡಿಯವನಿಗೆ ಗೊತ್ತು. ಚೆಂಡಿನ ಆಯುಸ್ಸು ಲೆಕ್ಕ ಇಟ್ಟವರಿಗೆ ಮಾತ್ರ ಗೊತ್ತಾಗುತ್ತದೆ.

ಬೆಂಗಳೂರಿನ ಹಳೆಯ ಕ್ರಿಕೆಟ್ ಕ್ಲಬ್ಬುಗಳ ಹುಡುಗರು ಇದನ್ನು ಪುಸ್ತಕವಿಲ್ಲದೆ ಕಲಿತಿರುತ್ತಾರೆ. ಪಂದ್ಯದಲ್ಲಿ ಆಡಿದ ಚೆಂಡು ಮರುದಿನ ನೆಟ್ಸಿಗೆ ಬರುತ್ತದೆ. ನೆಟ್ಸಿನಲ್ಲಿ ಹೊಳಪು ಹೋಗಿ ಹೊಲಿಗೆ ಚಪ್ಪಟೆಯಾದದ್ದು ಕ್ಯಾಚಿಂಗಿಗೆ. ಅಲ್ಲೂ ಆಗದೆಂದ ಮೇಲೆ ಕಾಲುಚೀಲದೊಳಗೆ ಹಾಕಿ ಕೊಂಬೆಗೆ ನೇತುಹಾಕಿದರೆ ಹೊಸ ಬ್ಯಾಟನ್ನು ಪಳಗಿಸಲಿಕ್ಕಾಯಿತು. ನಾಲ್ಕು ಹಂತ, ನಾಲ್ಕು ಕೆಲಸ. ಯಾವ ಚೆಂಡು ಯಾವ ಹಂತದಲ್ಲಿದೆ ಎಂಬುದು ತಂಡದ ಎಲ್ಲರಿಗೂ ಕಣ್ಣಂದಾಜಿನಲ್ಲೇ ತಿಳಿದಿರುತ್ತದೆ. ಈ ಪದ್ಧತಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಅದರ ಕೊರತೆ ಒಂದೇ: ಲೆಕ್ಕವೆಲ್ಲ ಯಾರೋ ಒಬ್ಬ ಹಿರಿಯ ಆಟಗಾರನ ತಲೆಯಲ್ಲಿರುವುದರಿಂದ ಅವನು ಕೆಲಸ ಸಿಕ್ಕಿ ಊರು ಬಿಟ್ಟ ದಿನ ಲೆಕ್ಕವೂ ಅವನ ಜೊತೆ ಹೋಗುತ್ತದೆ.

ಗಲ್ಲಿ ಕ್ರಿಕೆಟ್ಟಿನ ಲೆಕ್ಕ ಇಷ್ಟು ಒಳ್ಳೆಯದಲ್ಲ. ಎಲ್ಲರೂ ಚಂದಾ ಹಾಕಿ ಟೆನಿಸ್ ಬಾಲ್ ತರುತ್ತಾರೆ, ಸರಿ. ಆದರೆ ಕಾಂಪೌಂಡಿನಾಚೆ ಹೊಡೆದವನು ಔಟ್, ಕಳೆದರೆ ಅವನೇ ಹೊಸ ಚೆಂಡು ತರಬೇಕು ಎಂಬ ಕಾನೂನು ಎಷ್ಟೋ ಬೀದಿಗಳಲ್ಲಿ ಇದೆ. ಖರೀದಿಗೆ ಪಾಲುದಾರಿಕೆ, ನಷ್ಟಕ್ಕೆ ಒಬ್ಬನೇ. ತಂಡದಲ್ಲಿ ಚೆನ್ನಾಗಿ ಹೊಡೆಯುವವನೇ ಹೆಚ್ಚು ದಂಡ ಕಟ್ಟುತ್ತಾನೆ. ಕೊನೆಗೆ ಅವನೂ ತಟ್ಟಿ ಓಡುವುದಕ್ಕೆ ಶುರು ಮಾಡುತ್ತಾನೆ. ತಿಂಗಳಿಗೆ ಇಷ್ಟು ಚೆಂಡು ಕಳೆದೇ ಕಳೆಯುತ್ತದೆ ಎಂದು ಮೊದಲೇ ಒಪ್ಪಿ ಚಂದಾದಲ್ಲೇ ಅದನ್ನು ಸೇರಿಸಿದರೆ ಜಗಳವೂ ಇಲ್ಲ, ಸಿಕ್ಸರೂ ಉಳಿಯುತ್ತದೆ. ಪಕ್ಕದ ಮನೆ ಕಿಟಕಿಯ ಗಾಜಿನ ಲೆಕ್ಕ ಮಾತ್ರ ಬೇರೆಯೇ ಇಡಬೇಕು.

ಈಗ ಸ್ಟಾಕ್ ಬುಕ್ಕಿಗೆ ಬರೋಣ. ಶಾಲೆಯ ದಾಸ್ತಾನು ವಹಿಯಲ್ಲಿ ಆರಂಭದ ಶಿಲ್ಕು, ಬಂದದ್ದು, ಕೊಟ್ಟದ್ದು, ಉಳಿದ ಶಿಲ್ಕು ಎಂಬ ಅಂಕಣಗಳಿರುತ್ತವೆ. ಇದು ಕಳ್ಳತನ ತಡೆಯಲು ಹುಟ್ಟಿದ ಲೆಕ್ಕ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಸರ್ಕಾರದ ದುಡ್ಡಿಗೆ ಬಂದ ವಸ್ತು ಎಲ್ಲಿದೆ ಎಂದು ಕೇಳುವ ಹಕ್ಕು ಆಡಿಟಿನವರಿಗೆ ಇರಲೇಬೇಕು. ತೊಂದರೆ ಶುರುವಾಗುವುದು ಶಿಲ್ಕಿನ ಅಂಕಣದಲ್ಲಿ. ‘ವಾಲಿಬಾಲ್ – 8’ ಎಂದು ಬರೆದಿರುತ್ತದೆ. ಬೀರು ತೆಗೆದರೆ ಎಂಟೂ ಇರುತ್ತವೆ. ಎರಡರ ಬ್ಲಾಡರ್ ಒಡೆದಿದೆ, ಎರಡರ ಹೊಲಿಗೆ ಬಿಚ್ಚಿದೆ, ಒಂದು ಕುಂಬಳಕಾಯಿಯ ಆಕಾರಕ್ಕೆ ತಿರುಗಿದೆ. ಆಡಲು ಬರುವುದು ಮೂರು. ನಿರುಪಯುಕ್ತವೆಂದು ಮೇಲಿನವರು ಒಪ್ಪಿ ವಿಲೇವಾರಿ ಆಗುವವರೆಗೆ ಸತ್ತ ಐದನ್ನೂ ಜೋಪಾನ ಮಾಡಬೇಕು. ಹೊಸದಕ್ಕೆ ಬೇಡಿಕೆ ಇಟ್ಟರೆ, ಎಂಟು ಇದೆಯಲ್ಲ ಎಂಬ ಉತ್ತರ. ಪುಸ್ತಕದ ಪ್ರಕಾರ ಎಲ್ಲ ಸರಿ. ಮೈದಾನದಲ್ಲಿ ಮಾತ್ರ ನಲವತ್ತು ಮಕ್ಕಳು ಮೂರು ಚೆಂಡಿಗೆ ಕಾಯುತ್ತಾರೆ.

ಇನ್ನೊಂದು ದುಷ್ಪರಿಣಾಮ ಇದಕ್ಕಿಂತ ಕೆಟ್ಟದ್ದು. ಕಳೆದುಹೋದರೆ ಕೈಯಿಂದ ಕಟ್ಟಬೇಕಾದೀತು ಎಂಬ ಹೆದರಿಕೆಯಲ್ಲಿ ಪಿ.ಟಿ. ಮೇಷ್ಟ್ರು ಬೀರುವಿಗೆ ಬೀಗ ಹಾಕುತ್ತಾರೆ. ಮೇಷ್ಟ್ರನ್ನು ನಾನು ಬೈಯುವುದಿಲ್ಲ. ಸವೆದ ಚೆಂಡಿಗೂ ಕಳೆದ ಚೆಂಡಿಗೂ ಭೇದ ಮಾಡದ ಲೆಕ್ಕಪದ್ಧತಿಯಲ್ಲಿ ಅತಿ ಕ್ಷೇಮವಾದ ಚೆಂಡೆಂದರೆ ಯಾರೂ ಮುಟ್ಟದ ಚೆಂಡು. ಹಣಕಾಸು ವರ್ಷ ಮಾರ್ಚಿಗೆ ಮುಗಿಯುತ್ತದೆ, ಶಾಲೆಯ ವರ್ಷ ಬೇಸಿಗೆ ರಜೆಯ ನಂತರ ಶುರುವಾಗುತ್ತದೆ. ಮಾರ್ಚಿನೊಳಗೆ ಖರ್ಚು ತೋರಿಸಲೆಂದು ಕೊಂಡ ಸಾಮಾನು ಏಪ್ರಿಲ್, ಮೇ ಎರಡೂ ತಿಂಗಳು ಕಬ್ಬಿಣದ ಬೀರುವಿನ ಶಾಖದಲ್ಲಿ ಬೇಯುತ್ತದೆ. ತೊಗಲು ಒಣಗುತ್ತದೆ, ಅಂಟು ಬಿಡುತ್ತದೆ, ಬ್ಲಾಡರಿನ ಗಾಳಿ ಇಳಿಯುತ್ತದೆ. ಒಂದು ಮಗುವೂ ಒದೆಯದ ಚೆಂಡಿಗೂ ವಯಸ್ಸಾಗುತ್ತದೆ. ಪುಸ್ತಕದಲ್ಲಿ ಮಾತ್ರ ಅದು ಹೊಸದು.

ದುಡ್ಡಿನ ಹಂಚಿಕೆಯಲ್ಲೂ ಇದೇ ಕುರುಡು. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆ ಆಟದ ಸಾಮಾನಿಗೆಂದು ವರ್ಷಕ್ಕೆ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೂ ಅದಕ್ಕೆ ಮೇಲ್ಪಟ್ಟದ್ದಕ್ಕೂ 25,000 ರೂಪಾಯಿವರೆಗೆ ಎಂದು ನಿಗದಿ ಮಾಡಿತು. ಆಟಕ್ಕೆಂದು ಪ್ರತ್ಯೇಕ ಬಾಬ್ತು ಇಟ್ಟದ್ದು ದೊಡ್ಡ ವಿಷಯ, ಅದನ್ನು ಮೆಚ್ಚಲೇಬೇಕು. ಆದರೆ ಭಾಗಾಕಾರ ಮಾಡಿ ನೋಡಿ. 20 ಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ತಲೆಗೆ 250 ರೂಪಾಯಿ, 100 ಮಕ್ಕಳಿರುವಲ್ಲಿ 50. 600 ಮಕ್ಕಳ ಪ್ರೌಢಶಾಲೆಗೆ 25,000 ಪೂರ್ತಿ ಬಂದರೂ ತಲೆಗೆ 42 ರೂಪಾಯಿ ಮುಟ್ಟುವುದಿಲ್ಲ. ಸವಕಳಿ ಆಗುವುದು ಕಟ್ಟಡದಿಂದಲ್ಲ, ಕೈಕಾಲುಗಳಿಂದ. ದುಡ್ಡು ಮಾತ್ರ ಕಟ್ಟಡದ ಲೆಕ್ಕಕ್ಕೆ ಬರುತ್ತದೆ.

ಇರುವಷ್ಟು ದುಡ್ಡಿನಲ್ಲಿ ಏನು ಕೊಳ್ಳಬೇಕು ಎಂಬಲ್ಲಿ ಒಂದು ಸರಳ ಭಾಗಾಕಾರ ತುಂಬ ಕೆಲಸಕ್ಕೆ ಬರುತ್ತದೆ: ಈ ವಸ್ತು ಒಂದು ಸಲಕ್ಕೆ ಎಷ್ಟು ಮಕ್ಕಳನ್ನು ಆಡಿಸುತ್ತದೆ? ಸ್ಕಿಪ್ಪಿಂಗ್ ಹಗ್ಗ ಒಬ್ಬರನ್ನು. ಒಂದು ಜೊತೆ ಶಟಲ್ ಬ್ಯಾಟು ಇಬ್ಬರನ್ನು. ವಾಲಿಬಾಲು ಹನ್ನೆರಡು ಜನರನ್ನು. ಹಗ್ಗಜಗ್ಗಾಟದ ಒಂದು ಹಗ್ಗ ಕಡೆಗೆ ಎಂಟರಂತೆ ಹದಿನಾರು ಜನರನ್ನು, ಅದೂ ವರ್ಷಾನುಗಟ್ಟಲೆ. ಖೋ ಖೋಗೆ 120ರಿಂದ 125 ಸೆಂ.ಮೀ. ಎತ್ತರದ ಎರಡು ಕಂಬ ನೆಟ್ಟರೆ ಮುಗಿಯಿತು. ಕಬಡ್ಡಿಗೆ ಮಣ್ಣಿನ ಮೇಲೆ ಸುಣ್ಣದ ಗೆರೆ. ನಮ್ಮ ಹಳ್ಳಿ ಶಾಲೆಗಳಲ್ಲಿ ಈ ಆಟಗಳು ಗಟ್ಟಿಯಾಗಿ ಉಳಿದದ್ದಕ್ಕೆ ಪರಂಪರೆಯ ಮೇಲಿನ ಪ್ರೀತಿಯಷ್ಟೇ ಈ ಭಾಗಾಕಾರವೂ ಕಾರಣ ಎಂದು ನನ್ನ ಎಣಿಕೆ. ಹಾಗೆಂದು ಭಾಗಾಕಾರವೊಂದನ್ನೇ ನಂಬಿದರೆ ಯಾವ ಶಾಲೆಯೂ ಎಂದೂ ಜಾವೆಲಿನ್ ಕೊಳ್ಳಲಾರದು. ಅದು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಅದರ ಎದುರಿನ ಅರ್ಧ ಮೈದಾನ ಖಾಲಿ ಇರಬೇಕು. ಆದರೂ ಕೊಳ್ಳಬೇಕು. ಲೆಕ್ಕ ಇರುವುದು ದಾರಿ ತೋರಿಸಲಿಕ್ಕೆ, ಬಾಗಿಲು ಹಾಕಲಿಕ್ಕಲ್ಲ.

ತೆರಿಗೆಯ ಲೆಕ್ಕದಲ್ಲಿ ಹಲವರು ಎಡವುವುದನ್ನು ಇಲ್ಲೇ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರಿನಲ್ಲಿ ಕ್ರೀಡಾ ಸಾಮಗ್ರಿಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆ ಸೇರಿ 10,000 ಖರ್ಚು ಮಾಡಬಹುದಾದರೆ ಸಾಮಾನು ಎಷ್ಟಕ್ಕೆ ಬರುತ್ತದೆ? 10,000ದಲ್ಲಿ ಶೇ. 12 ಕಳೆದು 8,800 ಎನ್ನುವವರೇ ಹೆಚ್ಚು. ತೆರಿಗೆ ಬೀಳುವುದು ಸಾಮಾನಿನ ಬೆಲೆಯ ಮೇಲೆ, ಒಟ್ಟು ಮೊತ್ತದ ಮೇಲಲ್ಲ. 1.12ರಿಂದ ಭಾಗಿಸಬೇಕು: 8,928. ಈಗ 1.05ರಿಂದ ಭಾಗಿಸಿದರೆ 9,523. ಹೆಚ್ಚುಕಡಿಮೆ 595 ರೂಪಾಯಿ ಉಳಿತಾಯ. ಅದು ಇನ್ನೊಂದು ಚೆಂಡಾಗಿ ಮೈದಾನಕ್ಕೆ ಬಂದರೆ ಸಾರ್ಥಕ.

ಎಷ್ಟು ಕೊಳ್ಳಬೇಕೆಂಬ ಪ್ರಶ್ನೆಗೆ ತಂಡದ ತಲೆಯೆಣಿಕೆ ಉತ್ತರವಲ್ಲ. ಇದನ್ನು ಕ್ರಿಕೆಟ್ಟಿನಷ್ಟು ಚೆನ್ನಾಗಿ ಕಲಿಸುವ ಆಟ ಇನ್ನೊಂದಿಲ್ಲ. ಹನ್ನೊಂದು ಆಟಗಾರರಿಗೆ ಹನ್ನೊಂದು ಜೊತೆ ಪ್ಯಾಡು ಬೇಕೇ? ಕ್ರೀಸಿನಲ್ಲಿ ಇಬ್ಬರು, ಕಟ್ಟಿಕೊಂಡು ಕೂತವನು ಒಬ್ಬ. ಮೂರು ಜೊತೆ ಸಾಕು, ಒಂದು ಹೆಚ್ಚುವರಿ ಇಟ್ಟರೆ ನಾಲ್ಕು. ವಿಕೆಟ್ ಕೀಪರಿನ ಪ್ಯಾಡು ಬೇರೆ. ಏಕಕಾಲಕ್ಕೆ ಎಷ್ಟು ಜನ ಬಳಸುತ್ತಾರೆ ಎಂಬುದೇ ಇಲ್ಲಿ ಲೆಕ್ಕ. ಹೆಲ್ಮೆಟ್ಟಿಗೂ ಇದೇ ಸೂತ್ರ, ಆದರೆ ತಲೆಯ ಗಾತ್ರ ಎರಡು ಬಗೆಯಾದರೂ ಇರುವುದರಿಂದ ಒಂದೆರಡು ಹೆಚ್ಚು ಬೇಕಾಗುತ್ತದೆ. ಗ್ಲೌಸಿನಲ್ಲಿ ಎಡಗೈ ಆಟಗಾರನನ್ನು ಮರೆಯಬಾರದು. ಬಲಗೈಯವರ ಗ್ಲೌಸಿನಲ್ಲಿ ಹೆಬ್ಬೆರಳಿನ ರಕ್ಷಣೆ ಅವನಿಗೆ ಬೇಕಾದ ಕೈಯಲ್ಲಿ ಇರುವುದಿಲ್ಲ. ಹಾಕಿಯಲ್ಲಿ ಈ ತಾಪತ್ರಯವಿಲ್ಲ, ಎಡಗೈ ಸ್ಟಿಕ್ಕಿಗೆ ನಿಯಮವೇ ಅವಕಾಶ ಕೊಡುವುದಿಲ್ಲ. ಇನ್ನು ಅಬ್ಡಾಮಿನಲ್ ಗಾರ್ಡ್ ಎಂಬುದೊಂದಿದೆ. ಅದಕ್ಕೆ ಯಾವ ಸೂತ್ರವೂ ಬೇಡ, ತಲೆಗೊಂದು.

ಹೆಚ್ಚುವರಿ ಇಡುವ ಆ ಒಂದರ ಬೆಲೆ ಏನೆಂದು ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸರನ್ನು ಕೇಳಬೇಕು. 2023ರ ನವೆಂಬರ್ 6ರಂದು ದೆಹಲಿಯಲ್ಲಿ ಬಾಂಗ್ಲಾದೇಶದ ಎದುರು ವಿಶ್ವಕಪ್ ಪಂದ್ಯ. ಕ್ರೀಸಿಗೆ ಬಂದ ಮ್ಯಾಥ್ಯೂಸರ ಹೆಲ್ಮೆಟ್ಟಿನ ಪಟ್ಟಿ ಕಿತ್ತು ಬಂತು. ಬೇರೆ ಹೆಲ್ಮೆಟ್ ಬರುವಷ್ಟರಲ್ಲಿ ಎದುರಾಳಿ ನಾಯಕ ಮನವಿ ಸಲ್ಲಿಸಿದ್ದರು. ಎರಡು ನಿಮಿಷದೊಳಗೆ ಎಸೆತ ಎದುರಿಸಲು ಸಿದ್ಧರಿರಬೇಕೆಂಬ ನಿಯಮದಡಿ ಅಂಪೈರ್ ಔಟ್ ಕೊಟ್ಟರು. ಅಂತಾರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಹಾಗೆ ಔಟಾದ ಮೊದಲಿಗರು ಅವರು. ಕ್ರೀಡಾಸ್ಫೂರ್ತಿಯ ಚರ್ಚೆ ವಾರಗಟ್ಟಲೆ ನಡೆಯಿತು. ಪಟ್ಟಿಗಳನ್ನು ಪಂದ್ಯದ ಮೊದಲು ಎಳೆದು ನೋಡಿದವರು ಯಾರು ಎಂಬ ಪ್ರಶ್ನೆಯೂ ಆ ಚರ್ಚೆಯಲ್ಲಿ ಅಷ್ಟೇ ಜೋರಾಗಿ ಕೇಳಬೇಕಿತ್ತು ಎಂದು ನನಗನ್ನಿಸುತ್ತದೆ.

ಲೆಕ್ಕ ಇಡುವವರೂ ಸರಾಸರಿಯ ಮೋಹಕ್ಕೆ ಬೀಳುವುದುಂಟು. ಚೆಂಡು ಸರಾಸರಿ ಎಷ್ಟು ದಿನ ಬಾಳುತ್ತದೆ ಎಂಬುದು ಬೆಲೆಯುಳ್ಳ ಸಂಖ್ಯೆ. ಒಂದು ಬೇಗ ಹೋದರೆ ಇನ್ನೊಂದು ತಡವಾಗಿ ಹೋಗಿ ಸರಿದೂಗುತ್ತದೆ. ಬೂಟಿಗೆ ಅದೇ ಸರಾಸರಿ ಕೆಲಸಕ್ಕೆ ಬಾರದು. 5, 6, 8, 9ನೇ ನಂಬರಿನ ನಾಲ್ವರಿದ್ದರೆ ಸರಾಸರಿ 7. ನಾಲ್ಕು ಜೊತೆ 7ನೇ ನಂಬರ್ ತರಿಸಿದರೆ ಒಬ್ಬರಿಗೂ ಆಗದು. ಜೆರ್ಸಿ ವಿಷಯದಲ್ಲಿ ಈ ತಪ್ಪು ಆಗಾಗ ನಡೆಯುತ್ತದೆ. ‘ಎಲ್ಲ ಮೀಡಿಯಂ ಕಳಿಸಿ’ ಎಂದು ಆರ್ಡರು ಕೊಟ್ಟ ತಂಡದಲ್ಲಿ ಅರ್ಧ ಜನರ ತೋಳು ಮೊಣಕೈಗೆ ಇಳಿದಿರುತ್ತದೆ, ಉಳಿದರ್ಧ ಜನರ ಹೊಟ್ಟೆ ಕಾಣುತ್ತಿರುತ್ತದೆ. ಇಲ್ಲಿ ಬೇಕಾದದ್ದು ಯಾವ ಅಳತೆಯವರು ಎಷ್ಟು ಜನ ಎಂಬ ಪಟ್ಟಿ, ಅಷ್ಟೇ. ಹೈಸ್ಕೂಲು ಮಕ್ಕಳಿಗಾದರೆ ಅದು ಈ ವರ್ಷ ಅಳೆದ ಪಟ್ಟಿಯೇ ಆಗಿರಬೇಕು. ಎಂಟನೇ ತರಗತಿಯ ಹುಡುಗ ಒಂಬತ್ತಕ್ಕೆ ಬರುವಷ್ಟರಲ್ಲಿ ಎಲ್ಲ ಅಂದಾಜನ್ನೂ ಮೀರಿರುತ್ತಾನೆ.

ಗಾಳಿಯ ಒತ್ತಡದ ಕಡೆಗೂ ಒಂದು ಕಣ್ಣು ಹಾಯಿಸಬೇಕು. ವಾಲಿಬಾಲಿನ ಒಳಗೆ ಚದರ ಸೆಂ.ಮೀ.ಗೆ 300ರಿಂದ 325 ಗ್ರಾಂ ಒತ್ತಡ ಇರಬೇಕು ಎನ್ನುತ್ತದೆ ನಿಯಮ. ಫುಟ್‌ಬಾಲಿಗೆ 600ರಿಂದ 1,100. ಫುಟ್‌ಬಾಲಿನ ಕನಿಷ್ಠವೂ ವಾಲಿಬಾಲಿನ ಗರಿಷ್ಠದ ಹೆಚ್ಚುಕಡಿಮೆ ಇಮ್ಮಡಿ! ಒಂದೇ ಪಂಪು, ಒಂದೇ ಹುಡುಗ, ಹೆಬ್ಬೆರಳಲ್ಲಿ ಒತ್ತಿ ‘ಗಟ್ಟಿ ಆಯ್ತು ಸಾರ್’ ಎನ್ನುವ ಒಂದೇ ಪರೀಕ್ಷೆ. ವಾಲಿಬಾಲುಗಳು ಕುಂಬಳಕಾಯಿಯಾಗುವುದಕ್ಕೆ ಹೊಸ ಕಾರಣ ಹುಡುಕಬೇಕಿಲ್ಲ. ಒತ್ತಡ ತೋರಿಸುವ ಮಾಪಕವಿರುವ ಪಂಪು ಸಿಗುತ್ತದೆ. ಉಪಯೋಗಕ್ಕೆ ಬಾರದ ಟ್ರೋಫಿಯೊಂದನ್ನು ಕಡಿಮೆ ಕೊಂಡರೆ ಅದರ ದುಡ್ಡು ಹುಟ್ಟುತ್ತದೆ.

ಶಟಲ್ ಬ್ಯಾಡ್ಮಿಂಟನ್ನಿನಲ್ಲಿ ಈ ದಿನಬಳಕೆಯ ಗಣಿತ ಅತ್ಯಂತ ನಾಜೂಕಾಗಿ ಬೆಳೆದಿದೆ. ಕಾರಣ ಸರಳ: ಪುಕ್ಕದ ಕಾಕ್ ಕಣ್ಣೆದುರೇ ಸಾಯುತ್ತದೆ. ಹದಿನಾರು ಗರಿ, ತೂಕ 4.74ರಿಂದ 5.50 ಗ್ರಾಂ. ಎರಡು ಗರಿ ಮುರಿದರೆ ತೂರಾಡಲು ಶುರು. ಒಂದೊಂದು ಡಬ್ಬಿಯ ಮೇಲೆ 76, 77, 78 ಎಂದು ವೇಗದ ನಂಬರ್ ಇರುತ್ತದೆ. ಸರಿಯಾದ ವೇಗದ ಕಾಕನ್ನು ಹಿಂದಿನ ಗೆರೆಯಿಂದ ಕೆಳಗೈಯಲ್ಲಿ ಪೂರ್ತಿ ಬಲದಿಂದ ಹೊಡೆದರೆ ಎದುರಿನ ಹಿಂದಿನ ಗೆರೆಗೆ 530ರಿಂದ 990 ಮಿ.ಮೀ. ಮೊದಲು ಬೀಳಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತೆಳು. ಮಂಗಳೂರಿನಲ್ಲಿ ಸರಿಹೋದ ಕಾಕ್ ಇಲ್ಲಿ ಗೆರೆ ದಾಟುವ ಸಂಭವ ಹೆಚ್ಚು. ಸಾಮಾನ್ಯವಾಗಿ ಇಲ್ಲಿಗೆ ನಿಧಾನದ ನಂಬರ್ ಬೇಕು. ಎರಡೂ ಊರಿನ ತಂಡಗಳಿಗೆ ಒಟ್ಟಿಗೆ ಸಗಟಿನಲ್ಲಿ ಕೊಂಡು ದುಡ್ಡು ಉಳಿಸುತ್ತೇವೆ ಎನ್ನುವವರು ಈ ನಂಬರ್ ನೋಡಿಕೊಳ್ಳುವುದು ಒಳ್ಳೆಯದು.

ಕಾಕಿನ ಖರ್ಚು ಹಂಚುವುದು ಇನ್ನೊಂದು ಕಥೆ. ಸಂಜೆಯ ಕೋರ್ಟಿನಲ್ಲಿ ಎಂಟು ಜನ, ಆರು ಗೇಮು, ಮೂರು ಕಾಕ್ ಖಾಲಿ ಎಂದಿಟ್ಟುಕೊಳ್ಳಿ. ಒಂದಕ್ಕೆ ನೂರು ರೂಪಾಯಿ ಹಿಡಿದರೆ 300. ಸಮನಾಗಿ ಹಂಚಿದರೆ ತಲೆಗೆ 37.50. ಆಫೀಸಿನಿಂದ ತಡವಾಗಿ ಬಂದು ಒಂದೇ ಗೇಮು ಆಡಿದವನೂ ಅಷ್ಟೇ ಕೊಡುತ್ತಾನೆ, ಐದು ಗೇಮು ಆಡಿದವನೂ ಅಷ್ಟೇ. ಆಡಿದಷ್ಟಕ್ಕೆ ಹಂಚುವುದಾದರೆ ಗೇಮಿಗೆ ನಾಲ್ವರಂತೆ 24 ಪಾಲು; ಪಾಲಿಗೆ 12.50. ತಡವಾಗಿ ಬಂದವನಿಗೆ 12.50, ಐದು ಆಡಿದವನಿಗೆ 62.50. ನ್ಯಾಯ ಇದರಲ್ಲೇ ಇದೆ ಎಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಪ್ರತಿ ಗೇಮಿಗೂ ಮೊಬೈಲು ತೆಗೆದು ಯಾರು ಆಡಿದರು ಎಂದು ಬರೆಯುವ ಗುಂಪು ಹೆಚ್ಚು ಕಾಲ ಗೆಳೆಯರಾಗಿ ಉಳಿಯುವುದಿಲ್ಲ. ಖಾಯಂ ಸದಸ್ಯರಿಗೆ ತಿಂಗಳ ಸಮಪಾಲು, ಅಪರೂಪಕ್ಕೆ ಬರುವವರಿಗೆ ಗೇಮಿನ ಪಾಲು. ಈ ಮಿಶ್ರ ಪದ್ಧತಿಯೇ ನನಗೆ ಒಪ್ಪಿಗೆ. ತಿಂಗಳಿಡೀ ನೋಡಿದರೆ ತಡವಾಗಿ ಬಂದವನು ಬೇರೆ ದಿನ ಬೇಗ ಬಂದಿರುತ್ತಾನೆ.

ಬರಿಯ ಒಂದು ಕಳೆಯುವಿಕೆ ಎಷ್ಟು ದೊಡ್ಡ ಭಾರ ಹೊರಬಲ್ಲದು ಎಂಬುದಕ್ಕೆ ಕೊಡಗಿನ ಕುಟುಂಬಗಳ ಹಾಕಿ ಹಬ್ಬ ನೋಡಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ನಡೆಸಿದಾಗ 360 ತಂಡಗಳು. ಇಂಥ ನಾಕೌಟಿನಲ್ಲಿ ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳಿಸುತ್ತದೆ. ಗೆಲ್ಲುವವರು ಒಬ್ಬರೇ, ಮನೆಗೆ ಹೋಗಬೇಕಾದವರು 359. ಅಲ್ಲಿಗೆ 359 ಪಂದ್ಯ. ಡ್ರಾ ಹೇಗೇ ಹಾಕಿ, ಬೈ ಯಾರಿಗೇ ಕೊಡಿ, ಚಾಂಪಿಯನ್ನರನ್ನು ಹುಡುಕಲು ಅಷ್ಟೇ ಪಂದ್ಯ. ಎಷ್ಟು ಮೈದಾನ, ಎಷ್ಟು ದಿನ, ಎಷ್ಟು ಚೆಂಡು, ಎಷ್ಟು ಅಂಪೈರು ಎಂಬ ಎಲ್ಲ ಪ್ರಶ್ನೆಗಳೂ ಈ ಒಂದು ಸಂಖ್ಯೆಯಿಂದ ಬಿಚ್ಚಿಕೊಳ್ಳುತ್ತವೆ. ಲೀಗ್ ಮಾಡಲು ಹೊರಟಿದ್ದರೆ? ಎಂಟೇ ತಂಡಕ್ಕೆ 28 ಪಂದ್ಯ. 360 ತಂಡಕ್ಕೆ 64,620. ಊರ ಟೂರ್ನಿ ನಡೆಸುವ ಯುವಕ ಸಂಘಗಳು ಬಹುಮಾನದ ಮೊತ್ತ ಘೋಷಿಸುವ ಮೊದಲು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ಕೊನೆಯ ದಿನ ಚೆಂಡು ಸಾಲ ಕೇಳುವ ಪ್ರಸಂಗ ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಬದಿಯ ಅತಿರೇಕವನ್ನೂ ಹೇಳದೆ ಬಿಡಲಾಗದು. ಕೆಲವು ಖಾಸಗಿ ಅಕಾಡೆಮಿಗಳಲ್ಲಿ ಪ್ರತಿ ಕೋನಿಗೂ ಬಾರ್‌ಕೋಡು, ಪ್ರತಿ ಬಿಬ್ಬಿಗೂ ಆ್ಯಪಿನಲ್ಲಿ ನಮೂದು. ಹತ್ತು ರೂಪಾಯಿಯ ವಸ್ತುವಿನ ಲೆಕ್ಕಕ್ಕೆ ಇಪ್ಪತ್ತು ರೂಪಾಯಿಯ ಸಮಯ ಖರ್ಚಾದರೆ ಅದು ಗಣಿತವಲ್ಲ, ಚಟ. ಬೆಲೆ ಹೆಚ್ಚಿನದು, ಬೇಗ ಸವೆಯುವುದು, ಮುರಿದರೆ ಮೈಗೆ ಅಪಾಯ ತರುವುದು – ಈ ಮೂರಕ್ಕೆ ಮಾತ್ರ ಕಟ್ಟುನಿಟ್ಟಿನ ಲೆಕ್ಕ ಬೇಕು. ಉಳಿದದ್ದನ್ನು ವರ್ಷಕ್ಕೊಮ್ಮೆ ಎಣಿಸಿದರೆ ಸಾಕು.

ಶಾಲೆಗೆ ಬೇಕಾದ ತಿದ್ದುಪಡಿ ಬಹಳ ಚಿಕ್ಕದು. ಸ್ಟಾಕ್ ಬುಕ್ ಇದ್ದ ಹಾಗೇ ಇರಲಿ. ಶಿಲ್ಕಿನ ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆದು ‘ಆಡಲು ಬರುವುದು’ ಎಂಬ ಅಂಕಣ ಮಾಡಿ. ಹೊಸ ಚೆಂಡನ್ನು ಬೀರುವಿನಿಂದ ತೆಗೆದ ದಿನ ಮಾರ್ಕರ್ ಪೆನ್ನಿನಲ್ಲಿ ಅದರ ಮೈಮೇಲೆಯೇ ತಾರೀಖು ಬರೆಯಿರಿ. ಸತ್ತ ದಿನ ಆ ತಾರೀಖನ್ನೂ ಅಂದಿನ ತಾರೀಖನ್ನೂ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದೇ ಸಾಲಿಗೆ ಇಳಿಸಿ. ವರ್ಷದ ಕೊನೆಗೆ ಆ ಹಾಳೆ ನಿಮ್ಮ ಮೈದಾನದ ಚೆಂಡಿನ ಆಯುಸ್ಸನ್ನು ಹೇಳುತ್ತದೆ. ತಿಂಗಳಿಗೆ 9 ಮುಗಿಯುತ್ತವೆ, ಬೇಡಿಕೆ ಕಳಿಸಿದ ಮೇಲೆ ಸಾಮಾನು ಬರಲು ಎರಡು ತಿಂಗಳು ಹಿಡಿಯುತ್ತದೆ ಎಂದಾದರೆ, 18 ಉಳಿದಿರುವಾಗಲೇ ಬೇಡಿಕೆ ಬರೆಯಬೇಕು. ಕೊನೆಯ ಚೆಂಡು ಒಡೆದ ದಿನವಲ್ಲ.

ಗಣಿತದ ಮೇಷ್ಟ್ರೂ ಪಿ.ಟಿ. ಮೇಷ್ಟ್ರೂ ಕೂರುವುದು ಒಂದೇ ಸ್ಟಾಫ್ ರೂಮಿನಲ್ಲಿ. ಬರುವ ಜೂನಿನಲ್ಲಿ, ಹೋಬಳಿ ಮಟ್ಟದ ಪಂದ್ಯಗಳ ಸುತ್ತೋಲೆ ಬರುವ ಮೊದಲೇ, ಒಂಬತ್ತನೇ ತರಗತಿಯ ನಾಲ್ಕು ಹುಡುಗ ಹುಡುಗಿಯರ ಕೈಗೆ ಬೀರುವಿನ ಕೀಲಿಯನ್ನೂ ಆ ಕೊನೆಯ ಹಾಳೆಯನ್ನೂ ಕೊಡಿ. ವರ್ಷಕ್ಕೆ ಎಷ್ಟು ಬೇಕು ಎಂದು ಅವರೇ ಲೆಕ್ಕ ಹಾಕಲಿ. ಎಸ್‌ಡಿಎಂಸಿ ಸಭೆಯಲ್ಲಿ ಅವರೇ ಓದಲಿ. ಮೇಲಿನ ಕಚೇರಿಗೆ ಹೋಗುವ ಬೇಡಿಕೆ ಪತ್ರದ ಜೊತೆ ಆ ಹಾಳೆಯ ಜೆರಾಕ್ಸ್ ಪ್ರತಿಯೊಂದನ್ನು ಲಗತ್ತಿಸಿ ಕಳಿಸಿ.